ವಸಂತ ಬರುವವರೆಗೆ ಏಳದ ಕರಡಿಗಳು

ಅಷ್ಟೂ ರಾದ್ಧಾಂತ ಶುರುವಾದದ್ದು ಕರಡಿಗಳು ಚಳಿಗಾಲವಿಡೀ ಮಲಗಿರುತ್ತವೆ ಎಂಬ ಒಂದು ಮಾತಿನಿಂದ. ಆ ಮಾತನ್ನು ಆಡಿ ಕೆಟ್ಟವನು ಗಂಡು ಮಿಸ್.

ಗಂಡು ಮಿಸ್ ಎಂಬುದು ಶಿಶುವಿಹಾರದ ಮಕ್ಕಳು ಕೊಟ್ಟ ಬಿರುದು. ಅವರ ಪಾಲಿಗೆ ಪಾಠ ಹೇಳುವವರೆಲ್ಲ ಮಿಸ್. ಈ ಮಿಸ್ಸಿಗೆ ಮೀಸೆ ಇತ್ತು, ಅಷ್ಟೇ. ಅವನು ಓದಿದ್ದು ಗಣಿತ. ಹೆರಿಗೆ ರಜೆಗೆ ಹೋದ ಟೀಚರ ಜಾಗದಲ್ಲಿ ‘ಸ್ವಲ್ಪ ದಿನದ ಮಟ್ಟಿಗೆ’ ಎಂದು ಕೂತವನು, ಆ ಟೀಚರ ಕೂಸು ಈಗ ಮನೆ ತುಂಬಾ ಓಡಾಡುತ್ತಿದ್ದರೂ ಅಲ್ಲಿಂದ ಎದ್ದಿರಲಿಲ್ಲ. ನಿನ್ನೆ ಹೆಡ್ ಮಿಸ್ ಮೊದಲ ಬಾರಿಗೆ ಆಸೆ ಹುಟ್ಟಿಸಿದ್ದರು.

“ನಾಳೆ ಟ್ರಸ್ಟಿನ ಹೊಸ ಅಧ್ಯಕ್ಷೆ ಬರ್ತಾರೆ. ಚಳಿಗಾಲದ ಚಟುವಟಿಕೆ ನೋಡ್ಬೇಕಂತೆ. ಅವ್ರು ಒಂದು ಸಲ ‘ಭೇಷ್’ ಅಂದ್ರೆ ಸಾಕು, ನಿಮ್ಮನ್ನ ಏಳನೇ ಕ್ಲಾಸಿನ ಗಣಿತಕ್ಕೆ ಹಾಕ್ಬಿಡ್ತೀನಿ.”

ಏಳನೇ ಕ್ಲಾಸು! ಅಲ್ಲಿನ ಮಕ್ಕಳು ತಮ್ಮ ಮೂಗನ್ನು ತಾವೇ ಒರೆಸಿಕೊಳ್ಳುತ್ತಾರೆ. ಗಂಡು ಮಿಸ್ಸಿಗೆ ರಾತ್ರಿಯೆಲ್ಲ ಭಿನ್ನರಾಶಿಗಳ ಕನಸು ಬಿತ್ತು.

ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದು ನೆಲದ ತುಂಬಾ ಹತ್ತಿ ಹರಡಿ ಹಿಮ ಮಾಡಿದ. ಪ್ಲಾಸ್ಟಿಕ್ ಪೆಂಗ್ವಿನ್‌ಗಳನ್ನು ಒಳಗಿಟ್ಟು ಹೆಪ್ಪುಗಟ್ಟಿಸಿದ್ದ ಐಸಿನ ಗಡ್ಡೆಯನ್ನು ತಟ್ಟೆಯಲ್ಲಿಟ್ಟ. ಮೇಜುಗಳನ್ನು ಜೋಡಿಸಿ, ಮೇಲೆ ಕಂಬಳಿ ಹೊದಿಸಿ, ಕರಡಿ ಗುಹೆ ಕಟ್ಟಿದ. ಮುಖ ತೊಳೆದು ಬರುವಷ್ಟರಲ್ಲಿ ಹಿಮವೆಲ್ಲ ಮಾಯ! ಆಯಾ ಮೂಲೆಯಲ್ಲಿ ಪೊರಕೆ ಹಿಡಿದು ನಿಂತಿದ್ದಳು.

“ಯಾರೋ ದಿಂಬು ಹರಿದು ಹಾಕಿದ್ರು ಸಾರ್. ಎಲ್ಲಾ ಗುಡಿಸ್ದೆ.”

“ಅಮ್ಮಾ ತಾಯಿ, ಅದು ಹಿಮ! ಮುಟ್ಬೇಡಿ!”

“ಹಿಮಾನಾ? ಅದ್ರಲ್ಲಿ ಬೀಜ ಇತ್ತಲ್ಲ?” ಎಂದು ಗೊಣಗುತ್ತಾ ಆಯಾ ಬುಟ್ಟಿಯನ್ನು ಮತ್ತೆ ಸುರಿದಳು. ಈ ಸಲ ಹಿಮದಲ್ಲಿ ಪೆನ್ಸಿಲ್ ಹೊಟ್ಟೂ ಇತ್ತು.

ಮಕ್ಕಳು ಬಂದರು. ಚಳಿಗಾಲ ಕ್ಯಾಲೆಂಡರಿನಲ್ಲಿ ಮಾತ್ರ ಇತ್ತು, ಹೊರಗೆ ಬಿಸಿಲು ಚುರುಗುಟ್ಟುತ್ತಿತ್ತು. ಆದರೂ ಹೆಡ್ ಮಿಸ್ಸಿನ ಅಪ್ಪಣೆಯಂತೆ ತಾಯಂದಿರು ಮಕ್ಕಳಿಗೆ ಸ್ವೆಟರು, ಟೋಪಿ, ಕೈಗವಸು ತುರುಕಿ ಕಳಿಸಿದ್ದರು. ಒಂದೊಂದು ಮಗುವೂ ಹಾಸಿಗೆ ಸುರುಳಿಗೆ ಕಾಲು ಬಂದಂತೆ ಉರುಳಿಕೊಂಡು ಬಂತು.

ಬೆಚ್ಚಗಿನ ನೀರು ಹನಿಸಿ ಪೆಂಗ್ವಿನ್‌ಗಳನ್ನು ಬಿಡಿಸಬೇಕೆಂಬುದು ಮೊದಲ ಚಟುವಟಿಕೆ. ಒಬ್ಬ ಐಸು ನೆಕ್ಕಿದ. ಇನ್ನೊಬ್ಬ ಒಂದು ಚೂರನ್ನು ಪಕ್ಕದವಳ ಬೆನ್ನಿಗೆ ಇಳಿಬಿಟ್ಟ. ಅವಳ ಕಿರುಚಾಟಕ್ಕೆ ಹೆದರಿ ಮತ್ತೊಬ್ಬ ಅಂಟಿನ ಡಬ್ಬಿಯ ಮೇಲೆ ಕೂತ, ಕೂತಲ್ಲಿಂದ ಹಿಮದ ಮೇಲೆ ಜಾರಿದ, ಎದ್ದಾಗ ಅವನಿಗೆ ಮೊಲದ ಬಾಲ ಬಂದಿತ್ತು.

“ಮಿಸ್, ನಂಗೂ ಬಾಲ ಬೇಕು!” ಎಂದು ಇಡೀ ಕ್ಲಾಸು ಅಂಟಿನ ಡಬ್ಬಿಗೆ ಮುತ್ತಿತು.

ಗಂಡು ಮಿಸ್ಸಿನ ತಲೆ ಚಿಟ್ಟು ಹಿಡಿಯಿತು. ಆಗಲೇ ಅವನ ಬಾಯಿಂದ ಆ ಮಾತು ಬಂದದ್ದು.

“ಸಾಕು! ಈಗ ಎಲ್ರೂ ಕರಡಿಗಳು! ಕರಡಿಗಳು ಚಳಿಗಾಲ ಪೂರ್ತಿ ಮಲ್ಗಿರ್ತವೆ. ಗುಹೆ ಒಳಗೆ ನಡೀರಿ!”

ಎಲ್ಲರೂ ಹೊರಟರು, ಒಬ್ಬಳನ್ನು ಬಿಟ್ಟು. ಅವಳನ್ನು ಶಾಲೆಯೆಲ್ಲ ‘ಯಾಕೆ ಪುಟ್ಟಿ’ ಎಂದೇ ಕರೆಯುತ್ತಿತ್ತು.

“ಯಾಕೆ ಮಿಸ್? ಕರಡಿ ಯಾವಾಗ ಏಳುತ್ತೆ?”

“ವಸಂತ ಬಂದಾಗ.”

“ವಸಂತ ಬಂದಿದ್ದು ಅದಕ್ಕೆ ಹೆಂಗೆ ಗೊತ್ತಾಗುತ್ತೆ?”

“ಹಿಮ ಕರಗುತ್ತೆ, ಹೂ ಬಿಡುತ್ತೆ, ಕೋಗಿಲೆ ಕೂಗುತ್ತೆ. ಅಲ್ಲೀವರೆಗೂ ಯಾರು ಕರೆದ್ರೂ ಕರಡಿ ಏಳಲ್ಲ. ಯಾರು ಕರೆದ್ರೂ!”

ಯಾಕೆ ಪುಟ್ಟಿಗೆ ಉತ್ತರ ಹಿಡಿಸಿತು. ಕಂಬಳಿ ಎತ್ತಿ ಒಳಗೆ ನುಸುಳಿದಳು. ಕೊನೆಗೂ ಗಲಾಟೆ ನಿಂತಿತು. ಗಂಡು ಮಿಸ್ ಪುಟಾಣಿ ಕುರ್ಚಿಯ ಮೇಲೆ ಕುಸಿದು ಕಣ್ಣು ಮುಚ್ಚಿದ.

“ಬನ್ನಿ ಮೇಡಂ, ಬನ್ನಿ! ಇದೇ ನೋಡಿ ನಮ್ಮ ಶಿಶುವಿಹಾರ!”

ಬಾಗಿಲಲ್ಲಿ ಹೆಡ್ ಮಿಸ್. ಪಕ್ಕದಲ್ಲಿ ಕನ್ನಡಕ ಹಾಕಿಕೊಂಡು, ದೊಡ್ಡ ಚೀಲ ತಗುಲಿಸಿಕೊಂಡಿದ್ದ ಗಂಭೀರ ಹೆಂಗಸು.

“ನಾನು ಬಂದಿದ್ದು...” ಎಂದು ಆಕೆ ಬಾಯಿ ತೆರೆದರು.

“ಗೊತ್ತು ಮೇಡಂ, ಗೊತ್ತು! ಮೊದ್ಲು ಮಕ್ಕಳನ್ನ ನೋಡಿ, ಆಮೇಲೆ ಮಾತು,” ಎಂದ ಹೆಡ್ ಮಿಸ್ ಕೋಣೆಯನ್ನು ನೋಡಿ ಬೆಚ್ಚಿದರು. “ಮಕ್ಕಳೆಲ್ರೀ?”

“ಮಲಗಿದ್ದಾರೆ ಮೇಡಂ. ಈಗ್ಲೇ ಎಬ್ಬಿಸ್ತೀನಿ. ಮಕ್ಕಳೇ, ಏಳಿ!”

ಗುಹೆ ಅಲುಗಲಿಲ್ಲ.

“ಏಳ್ರೋ, ದೊಡ್ಡ ಮೇಡಂ ಬಂದಿದ್ದಾರೆ!”

“ವಸಂತ ಬಂದಿಲ್ಲ ಮಿಸ್,” ಎಂದಿತು ಕಂಬಳಿಯೊಳಗಿನ ಒಂದು ದನಿ. “ಶ್! ಕರಡಿ ಮಾತಾಡಲ್ಲ,” ಎಂದಿತು ಇನ್ನೊಂದು.

ಗಂಡು ಮಿಸ್ ಕಂಬಳಿಯೊಳಗೆ ಕೈ ಹಾಕಿ ಸಿಕ್ಕ ಕಾಲನ್ನು ಎಳೆದ. ಕಾಲುಚೀಲ ಮಾತ್ರ ಈಚೆಗೆ ಬಂತು. ಗಲಾಟೆ ಕೇಳಿ ವ್ಯಾನ್ ಡ್ರೈವರ್ ಕಿಟಕಿಯಲ್ಲಿ ತಲೆ ತೂರಿಸಿದ.

“ಏನಾಯ್ತು ಸಾರ್?”

“ವಸಂತ ಬಂದಿಲ್ವಂತೆ!”

“ವಸಂತಾನಾ? ನನ್ ವ್ಯಾನಲ್ಲಿ ಹತ್ತೇ ಇಲ್ಲ ಸಾರ್, ದೇವ್ರಾಣೆ! ಅವರಪ್ಪನಿಗೆ ಫೋನ್ ಮಾಡ್ಲಾ?”

ಮಗು ಕಳೆದಿದೆಯೆಂದು ಹೆಡ್ ಮಿಸ್ ಎದೆ ಹಿಡಿದುಕೊಂಡರು. ವಸಂತ ಎಂದರೆ ಹುಡುಗನಲ್ಲ, ಋತು ಎಂದು ಇಬ್ಬರಿಗೂ ತಿಳಿಸುವಷ್ಟರಲ್ಲಿ ಗಂಡು ಮಿಸ್ ಬೆವತು ತೊಪ್ಪೆಯಾದ. ಬೇರೆ ದಾರಿ ಇರಲಿಲ್ಲ. ವಸಂತವನ್ನು ತರಿಸಲೇಬೇಕಿತ್ತು.

“ಆಯಾ, ಬೇಗ ಹಿಮ ಗುಡಿಸಿ!”

“ಬೆಳಗ್ಗೆ ಗುಡಿಸಿದ್ದಕ್ಕೆ ಬೈದ್ರಿ, ಈಗ ಗುಡಿಸು ಅಂತೀರಿ. ಮೊದ್ಲು ನಿಮ್ಮಲ್ಲೇ ಒಂದು ತೀರ್ಮಾನ ಆಗ್ಲಿ,” ಎನ್ನುತ್ತಲೇ ಆಯಾ ಹಿಮವನ್ನೆಲ್ಲ ಬುಟ್ಟಿಗೆ ತುಂಬಿದಳು.

ಹೆಡ್ ಮಿಸ್ ತಾವೇ ಓಡಿ ಆಫೀಸಿನ ಹೂದಾನಿ ತಂದು ಕಾಗದದ ಗುಲಾಬಿಗಳನ್ನು ಗುಹೆಯ ಬಾಗಿಲಲ್ಲಿ ನೆಟ್ಟರು. ಕಂಬಳಿಯ ಸಂದಿಯಲ್ಲಿ ಯಾಕೆ ಪುಟ್ಟಿಯ ಒಂದು ಕಣ್ಣು ಕಾಣಿಸಿತು.

“ಕೋಗಿಲೆ?”

ಡ್ರೈವರ್ ಗಂಟಲು ಸರಿಮಾಡಿಕೊಂಡು ಕೂಗಿದ. “ಅದು ವ್ಯಾನು,” ಎಂದಿತು ಗುಹೆ. ಗಂಡು ಮಿಸ್ ಮಾನ ಬಿಟ್ಟು “ಕುಹೂ” ಎಂದ. “ಅದು ಮಿಸ್ಸು.”

ಆಗ ಆ ಗಂಭೀರ ಹೆಂಗಸು ಚೀಲ ಕೆಳಗಿಟ್ಟರು. ಬಾಯಿಗೆ ಎರಡೂ ಕೈ ಅಡ್ಡ ಹಿಡಿದು ಎಂಥ ಕೂಗು ಹಾಕಿದರೆಂದರೆ, ಹೊರಗಿನ ಮರದಿಂದ ಯಾವುದೋ ಹಕ್ಕಿ ಓಗೊಟ್ಟಿತು. ಗುಹೆ ಒಡೆಯಿತು! ಕರಡಿಗಳು ಕಿಲಕಿಲ ಎನ್ನುತ್ತಾ ಹೊರಗೆ ಸುರಿದವು, ಕೆಲವು ಬಾಲದ ಸಮೇತ.

“ಭೇಷ್!” ಎಂದು ಆಕೆ ಕಣ್ಣೀರು ಬರುವಂತೆ ನಕ್ಕರು. “ಇಂಥ ಕ್ಲಾಸು ನಾನು ನೋಡೇ ಇಲ್ಲ!”

ಗಂಡು ಮಿಸ್ ಹೆಡ್ ಮಿಸ್ಸಿನ ಮುಖ ನೋಡಿದ. ಹೆಡ್ ಮಿಸ್ ತಲೆಯಾಡಿಸಿದರು. ಏಳನೇ ಕ್ಲಾಸಿನ ಕರಿಹಲಗೆ ಅವನ ಕಣ್ಣೆದುರು ಬಂದು ನಿಂತಿತು.

“ಮೇಡಂ, ನಿಮ್ಮ ಅಭಿಪ್ರಾಯ ಬರೆದುಕೊಟ್ರೆ...” ಎಂದರು ಹೆಡ್ ಮಿಸ್.

“ಅಯ್ಯೋ, ನನ್ನ ಅಭಿಪ್ರಾಯ ಯಾಕಮ್ಮ?” ಆಕೆ ಚೀಲದಿಂದ ಅಳತೆ ಟೇಪು ತೆಗೆದರು. “ನಿಮ್ಮ ಆಫೀಸಿನ ಕಿಟಕಿ ತೋರಿಸಿ ಸಾಕು. ಪರದೆ ಹೊಲಿಯೋಕೆ ಅಳತೆ ತೊಗೋಬೇಕು. ಆಗ್ಲಿಂದ ಹೇಳ್ಬೇಕು ಅಂತಿದೀನಿ, ನೀವು ಬಿಟ್ರೆ ತಾನೆ?”

ಅದೇ ಹೊತ್ತಿಗೆ ಹೆಡ್ ಮಿಸ್ಸಿನ ಫೋನು ಬಡಿದುಕೊಂಡಿತು. ಆ ಕಡೆಯ ಮಾತಿಗೆ ಇವರು “ಸರಿ ಮೇಡಂ, ಸರಿ ಮೇಡಂ” ಎಂದು ಬಗ್ಗಿದರು. ಫೋನು ಇಟ್ಟಾಗ ಮುಖ ಬಿಳುಚಿತ್ತು.

“ಅಧ್ಯಕ್ಷೆ ಗೇಟಿನ ಹತ್ರ ಕಾರು ನಿಲ್ಲಿಸ್ತಿದ್ದಾರಂತೆ. ಹತ್ತಿ ಹರಡಿ! ಮಕ್ಕಳನ್ನ ಮಲಗಿಸಿ! ಬೇಗ ಚಳಿಗಾಲ ಮಾಡಿ!”

ಗಂಡು ಮಿಸ್ ಬುಟ್ಟಿಗೆ ಹಾರಿದ. ಆದರೆ ಯಾಕೆ ಪುಟ್ಟಿ ಸೊಂಟದ ಮೇಲೆ ಕೈಯಿಟ್ಟು ಅಡ್ಡ ನಿಂತಳು.

“ಯಾಕೆ ಮಿಸ್? ವಸಂತ ಆದ್ಮೇಲೆ ಬೇಸಿಗೆ ತಾನೇ ಬರೋದು?”

“ಹೌದು ಕಂದಾ, ಆದ್ರೆ...”

“ಬೇಸಿಗೆ ಬಂತು!” ಎಂದು ಕೂಗಿದಳು.

ಬೆಳಗ್ಗಿನಿಂದ ಉಣ್ಣೆಯಲ್ಲಿ ಬೇಯುತ್ತಿದ್ದ ಮಕ್ಕಳಿಗೆ ಅಷ್ಟು ಸಾಕಾಯಿತು. ಟೋಪಿಗಳು ಹಾರಿದವು, ಸ್ವೆಟರುಗಳು ಹಾರಿದವು, ಹಿಂದೆಯೇ ಅಂಗಿ ಚಡ್ಡಿಗಳೂ ಹಾರಿದವು. ಒಬ್ಬ ಐಸು ಕರಗಿದ್ದ ತಟ್ಟೆಯ ತಣ್ಣೀರಿನಲ್ಲಿ ಕೂತು ಈಜತೊಡಗಿದ. ಗಂಡು ಮಿಸ್ ಒಂದು ಕೈಯಲ್ಲಿ ಹತ್ತಿ, ಇನ್ನೊಂದರಲ್ಲಿ ಯಾರದೋ ಚಡ್ಡಿ ಹಿಡಿದು, ಬರಿಮೈ ಕರಡಿಯೊಂದನ್ನು ಅಟ್ಟಿಕೊಂಡು ಬಾಗಿಲಿಗೆ ಬಂದಾಗ ಅಧ್ಯಕ್ಷೆ ಹೊಸ್ತಿಲು ದಾಟುತ್ತಿದ್ದರು.