ಲೇಖಕರಿಗೆ ಸ್ವಂತ ಅನುಭವ ಇರಬೇಕು

ಅಂತ್ಯಕ್ರಿಯೆ ಮುಗಿದು ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಮಾಮೂಲಿ ಬೆಳಗು. ಅವಳು ಹಾಲು ಕಾಯಿಸಲಿಟ್ಟು, ಉಕ್ಕಿಸಿ, ಒಲೆ ಒರೆಸಿ ಕೂತಳು. ಆಗ ಗಂಡನ ಲ್ಯಾಪ್‌ಟಾಪ್ ಟಿಣ್ ಎಂದಿತು. ಸತ್ತವನಿಗೆ ಮೇಲ್ ಬಂದಿತ್ತು.

ಗಂಡ ನಡೆಸುತ್ತಿದ್ದುದು ‘ನೂರು ವರ್ಷ ಬಾಳಿ’ ಎಂಬ ವೆಬ್‌ಸೈಟು. ತಾನು ನಲವತ್ತು ಮುಟ್ಟದೆ ಹೋದ. ಬೆಳಗಿನ ನಡಿಗೆಯ ಮಹಿಮೆಯನ್ನು ಹಾಸಿಗೆಯಲ್ಲಿ ಮಲಗಿಯೇ ಬರೆಯಬಲ್ಲ ಪ್ರತಿಭಾವಂತ. ‘ಹೃದಯ ಕಾಯುವ ಹತ್ತು ಹಣ್ಣುಗಳು’ ಬರೆಯುತ್ತಿದ್ದಾಗ ಆರನೆಯ ಹಣ್ಣಿಗೆ ಅವನ ಹೃದಯ ನಿಂತಿತ್ತು. ಜನ ಓದುತ್ತಿದ್ದರು, ಪಕ್ಕದಲ್ಲಿ ಜಾಹೀರಾತು ಮಿನುಗುತ್ತಿತ್ತು, ಯಾರಾದರೂ ಅದನ್ನು ಒತ್ತಿದರೆ ಕಾಸು ಬೀಳುತ್ತಿತ್ತು, ಅದರಿಂದ ಮನೆ ನಡೆಯುತ್ತಿತ್ತು.

ಜಾಹೀರಾತು ಕಂಪನಿ ಬರೆದದ್ದಿಷ್ಟು: ಕಳಪೆ ಸೈಟುಗಳನ್ನು ಗುಡಿಸಿ ಹಾಕುತ್ತಿದ್ದೇವೆ. ನಿಮ್ಮದು ಎಲ್ಲೆಲ್ಲಿಂದಲೋ ಎತ್ತಿ ಜೋಡಿಸಿದ ಸರಕು. ಈ ವಿಷಯದಲ್ಲಿ ಲೇಖಕರಿಗೆ ಸ್ವಂತ ಅನುಭವ ಇರುವಂತೆ ಕಾಣುವುದಿಲ್ಲ. ಸಂಜೆಯೊಳಗೆ ಸರಿಪಡಿಸದಿದ್ದರೆ ಜಾಹೀರಾತು ನಿಲ್ಲುತ್ತದೆ.

ಅನುಭವ ಇಲ್ಲವೆಂದು ಲೇಖಕನೇ ಸಾಬೀತು ಮಾಡಿ ಹೋಗಿದ್ದಾನೆ; ಅವಳೇನು ವಾದಿಸುವುದು?

ಆದರೆ ಸುಮ್ಮನಿರುವಂತೆಯೂ ಇರಲಿಲ್ಲ. ಸಂಜೆ ಗಾಡಿ ತರುತ್ತೇನೆ, ನಮ್ಮ ಮನೆಯಲ್ಲಿ ನಿನಗಾಗಿ ಸ್ಟೋರ್ ರೂಮ್ ಖಾಲಿ ಮಾಡಿಸಿದ್ದೇನೆ ಎಂದು ಅಣ್ಣ ಹೇಳಿ ಹೋಗಿದ್ದ. ಸೈಟು ನಡೆಯುತ್ತಿರುವವರೆಗೆ ನಾನು ನನ್ನ ಮನೆಯಲ್ಲೇ ಇರುತ್ತೇನೆ ಎಂದಿದ್ದಳು ಅವಳು. ಆಗಲಿ ನೋಡೋಣ ಎಂದು ಅವನು ನಕ್ಕಿದ್ದ.

ಅಷ್ಟರಲ್ಲಿ ಎದುರುಮನೆಯ ಮೈಕ್ ಆಂಟಿ ಬಾಗಿಲು ತಟ್ಟದೆ ಒಳಬಂದು, ಅವಳ ಭುಜದ ಮೇಲಿಂದ ಬಗ್ಗಿ ಮೇಲ್ ಓದಿ ಮುಗಿಸಿದರು. ಆಕೆ ಓದಿದ್ದನ್ನು ಕಟ್ಟಡವೇ ಓದಿದಂತೆ. ಹಾಲು ಆರುವ ಮೊದಲೇ ಕೆಳಗಿನ ಟೈಲರ್ ಟೇಪು ಕೊರಳಲ್ಲಿದ್ದಂತೆಯೇ ಬಂದ, ಹಿಂದೆಯೇ ಡ್ರೈವಿಂಗ್ ಸ್ಕೂಲ್ ಮೇಷ್ಟ್ರು ಬಂದರು. ಯಾವುದಾದರೂ ಡಾಕ್ಟರ ಹೆಸರು ಹಾಕಿಬಿಡಿ ಎಂದು ಟೈಲರ್. ಲೇಖಕರು ತೀರಿಕೊಂಡಿದ್ದಾರೆ, ದಯವಿಟ್ಟು ರಿಯಾಯಿತಿ ಕೊಡಿ ಎಂದು ಬರೆಯಿರಿ ಎಂದು ಮೇಷ್ಟ್ರು. ಬದುಕುವ ಬಗ್ಗೆ ಸತ್ತವನು ಬರೆದದ್ದು ಎಂದು ತಿಳಿದರೆ ಇನ್ನೂ ಚೆನ್ನ ಎಂದು ಟೈಲರ್ ಮೇಷ್ಟ್ರ ಬಾಯಿ ಮುಚ್ಚಿಸಿದ.

“ಅನುಭವ ತಾನೇ ಬೇಕು?” ಎಂದರು ಮೈಕ್ ಆಂಟಿ. “ಮೇಲಿನ ಮನೇಲಿ ತೊಂಬತ್ತೇಳು ವರ್ಷದ್ದು ಕೂತಿದೆ. ಹೋಗಿ ಬರ್ಕೊಂಡು ಬಾ ಮಗಳೇ. ಉಳಿದಿದ್ದು ನಾವು ನೋಡ್ಕೋತೀವಿ.”

ಮೇಲಿನ ಮನೆಯ ಅಜ್ಜ ಕಿಟಕಿಯ ಪಕ್ಕ ಒಣಹಾಕಿದ ಟವೆಲಿನಂತೆ ಕುರ್ಚಿಗೆ ಜೋತುಬಿದ್ದಿದ್ದರು.

“ಅಜ್ಜ, ಇಷ್ಟು ವರ್ಷ ಬದುಕೋಕೆ ಏನು ಮಾಡಿದ್ರಿ?”

“ಏನೂ ಮಾಡ್ಲಿಲ್ಲಮ್ಮ. ಮಾಡಿದೋರೆಲ್ಲ ಹೋದ್ರು.”

ನಡಿಗೆಯ ಬಗ್ಗೆ ಕೇಳಿದಳು. ಬಸ್ಸು ತಪ್ಪುವಾಗಲೂ ಅವರು ಓಡಿದವರಲ್ಲವಂತೆ, ಇನ್ನೊಂದು ಬರುತ್ತದಲ್ಲ. ಹಣ್ಣು? ಹಲ್ಲಿದ್ದಾಗ ಆಸೆ ಇರಲಿಲ್ಲ, ಆಸೆ ಬಂದಾಗ ಹಲ್ಲಿರಲಿಲ್ಲ. ಸಿಗರೇಟು ಬಿಡಿ ಎಂದ ಡಾಕ್ಟರುಗಳ ಮಾತಿಗೆ ಬಹಳ ಗೌರವ ಕೊಟ್ಟಿದ್ದರು, ಅವರ ಶವಯಾತ್ರೆಗೆಲ್ಲ ತಪ್ಪದೆ ಹೋಗಿದ್ದರು.

ಅವಳು ಕೇಳಿದ್ದನ್ನು ಕೇಳಿದಂತೆಯೇ ಬರೆದು ಸೈಟಿಗೆ ಹಾಕಿ, ಅಜ್ಜನ ಬೊಚ್ಚುಬಾಯಿಯ ನಗುವಿನ ಫೋಟೋ ಪಕ್ಕದಲ್ಲಿ ಅಂಟಿಸಿದಳು. ಗಂಡ ಕದ್ದು ಕಟ್ಟಿದ್ದ ಬರಹಗಳನ್ನೆಲ್ಲ ಒಂದೊಂದಾಗಿ ಅಳಿಸಿದಳು. ಹತ್ತು ಹಣ್ಣುಗಳ ಬಳಿ ಬೆರಳು ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಅದನ್ನೂ ಅಳಿಸಿದಳು.

ಮಧ್ಯಾಹ್ನ ಕಸ ಹಾಕಲು ಹೊರಬಂದರೆ ಮೆಟ್ಟಿಲ ತುಂಬ ಜನ. ಎಲ್ಲರೂ ತಲೆ ತಗ್ಗಿಸಿ ಕೂತಿದ್ದರು, ಯಾರೊಬ್ಬರೂ ಮಾತಾಡುತ್ತಿರಲಿಲ್ಲ. ಸ್ಮಶಾನದಲ್ಲೂ ಬಟ್ಟೆಯ ರೇಟು ಹೇಳುತ್ತಿದ್ದ ಟೈಲರ್ ಕೂಡ ಮೌನ. ಇಷ್ಟು ಜನಕ್ಕೆ ತನ್ನ ಗಂಡ ಬೇಕಾಗಿದ್ದನೇ ಎನಿಸಿ, ಈವರೆಗೆ ಒಣಗಿದ್ದ ಅವಳ ಕಣ್ಣು ಒದ್ದೆಯಾಯಿತು. ಸದ್ದು ಮಾಡದೆ ಒಳಗೆ ಹೋದಳು.

ಸಂಜೆ ಮೇಲ್ ಬಂತು. ಬರಹ ಅಸಲಿ, ಲೇಖಕರ ಅನುಭವ ಪ್ರಶ್ನಾತೀತ, ಆಕ್ಷೇಪ ಹಿಂತೆಗೆದುಕೊಂಡಿದ್ದೇವೆ. ಕೆಳಗೆ ಅಣ್ಣನ ಗಾಡಿ ಹಾರ್ನ್ ಹೊಡೆಯುತ್ತಿತ್ತು. ಗಾಡಿ ವಾಪಸ್ ಒಯ್ಯಿ ಎನ್ನಲು ಅವಳು ಬಾಗಿಲವರೆಗೆ ಹೋಗುವಷ್ಟರಲ್ಲಿ ಮತ್ತೆ ಟಿಣ್ ಎಂದಿತು. ಬೆಳಗಿನಿಂದ ನಿಮ್ಮ ಜಾಹೀರಾತುಗಳ ಮೇಲೆ ಬಿದ್ದ ಸಾವಿರಾರು ಕ್ಲಿಕ್ಕುಗಳು ನಿಮ್ಮದೇ ಇಂಟರ್ನೆಟ್ಟಿನಿಂದ ಬಂದಿವೆ. ಇದು ವಂಚನೆ. ಖಾತೆಯನ್ನು ಶಾಶ್ವತವಾಗಿ ಮುಚ್ಚಲಾಗಿದೆ.

ಅವಳು ಬಾಗಿಲು ತೆರೆದಳು. ಮೆಟ್ಟಿಲ ಮೇಲೆ ಟೈಲರ್ ತನ್ನ ಹೆಬ್ಬೆರಳಿಗೆ ಉಫ್ ಎಂದು ಊದಿಕೊಳ್ಳುತ್ತಿದ್ದ.

“ಊದ್ಕೊಂಡಿದೆ ತಂಗಿ. ಆದ್ರೂ ಬಿಡ್ಲಿಲ್ಲ.”

ಮೇಷ್ಟ್ರು ಮೊಬೈಲಿನಲ್ಲಿ ಕೂದಲು ನೆಡುವ ಜಾಹೀರಾತೊಂದನ್ನೇ ಒತ್ತಿ ಒತ್ತಿ ಸುಸ್ತಾಗಿದ್ದರು. ಹೂವು ತಂದರೆ ಬಾಡುತ್ತದೆ, ಇದಾದರೆ ಮನೆ ನಡೆಯುತ್ತದೆ ಎಂದು ಎಲ್ಲರಿಗೂ ಹೇಳಿದ್ದು ಮೈಕ್ ಆಂಟಿಯಂತೆ.

“ನಮ್ಮ ಡೇಟಾನೂ ಖರ್ಚಾಗ್ಲಿಲ್ಲ,” ಎಂದರು ಆಕೆ ತೃಪ್ತಿಯಿಂದ. “ನಿಮ್ಮನೆ ವೈಫೈನೇ. ಪಾಸ್‌ವರ್ಡ್ ಎಲ್ರಿಗೂ ಕೊಟ್ಟು ಹೋಗಿದಾನಲ್ಲ ಪುಣ್ಯಾತ್ಮ.”

“ಆ ವೈಫೈ ಪೆಟ್ಟಿಗೆ ನಮ್ಮದಲ್ಲ ಆಂಟಿ,” ಎಂದಳು ಅವಳು. “ಇವ್ರು ಅಜ್ಜನ ಹತ್ರ ಎರಡು ದಿನಕ್ಕೆ ಅಂತ ಇಸ್ಕೊಂಡು ಬಂದಿದ್ರು.”

ಅಣ್ಣ ಬ್ಯಾಗು ಇಳಿಸುತ್ತಿದ್ದಾಗ ಅವಳು ವೈಫೈ ಪೆಟ್ಟಿಗೆಯ ವೈರು ಕಿತ್ತು, ಸೆರಗಿನಿಂದ ಧೂಳು ಒರೆಸಿ, ಮೇಲೆ ಹೋದಳು. ಅಜ್ಜ ಅದನ್ನು ಎರಡೂ ಕೈಯಲ್ಲಿ ಹಿಡಿದು ನೋಡಿ, ಇಂಟರ್ನೆಟ್ಟಿನ ಸುದ್ದಿಯೇ ಎತ್ತದೆ, ಬಚ್ಚಲ ಪಕ್ಕದ ಗೂಡು ತೋರಿಸಿದರು. ಅವಳು ಅಲ್ಲಿಟ್ಟು ಸ್ವಿಚ್ ಹಾಕಿದಳು. ಸಣ್ಣ ಹಸಿರು ದೀಪ ಹೊತ್ತಿಕೊಂಡಿತು.

“ಇದೊಂದಿದ್ರೆ ರಾತ್ರಿ ಎಡವೋದಿಲ್ಲಮ್ಮ,” ಎಂದರು ಅಜ್ಜ. “ಎಷ್ಟೋ ಸಲ ಕೇಳೋಣ ಅಂದ್ಕೊಂಡೆ. ಹುಡುಗ ಇನ್ನೂ ಚಿಕ್ಕವನು, ಉಪಯೋಗಿಸ್ಲಿ, ನಿಧಾನಕ್ಕೆ ಇಸ್ಕೊಂಡ್ರಾಯ್ತು ಅಂತ ಸುಮ್ಮನಾದೆ.”