ಮಮತಾಳ ಫೋಟೊಗೆ ನಾನು ಹಾಕಿದ ಬೀಗ

ಗುಟ್ಟು ಕಾಪಾಡುವ ವಿಷಯದಲ್ಲಿ ನನ್ನಷ್ಟು ಸಮರ್ಥ ವ್ಯಕ್ತಿ ಕುಂದಾಪುರ ಪೇಟೆಯಲ್ಲಿ ಇನ್ನೊಬ್ಬನಿಲ್ಲ ಎಂಬ ನಂಬಿಕೆ ನನಗೆ ಬಹಳ ವರ್ಷ ಇತ್ತು. ನಾನು ವಿಮೆ ಏಜೆಂಟ. ಯಾರಿಗೆ ಸಕ್ಕರೆ ಕಾಯಿಲೆ, ಯಾರು ಹೆಂಡತಿಗೆ ತಿಳಿಯದಂತೆ ತಾಯಿಯ ಹೆಸರಿಗೆ ಪಾಲಿಸಿ ಮಾಡಿಸಿದ್ದಾರೆ, ಎಲ್ಲವೂ ನನ್ನ ಹೊಟ್ಟೆಯಲ್ಲಿದೆ. ಹಾಗಾಗಿ ಕೋಡಿಯಲ್ಲಿರುವ ನನ್ನ ಅಕ್ಕ ಗಿರಿಜ ತನ್ನ ಮಗಳು ಮಮತಾಳ ಸಂಬಂಧದ ಸುದ್ದಿ ಹಿಡಿದುಕೊಂಡು ಮನೆಗೆ ಬಂದಾಗ, ಸರಿಯಾದ ಜಾಗಕ್ಕೇ ಬಂದಿದ್ದಾಳೆ ಅನಿಸಿತು. ನನ್ನ ಹೆಂಡತಿ ಸುಮಿತ್ರಳಿಗೆ ಹಾಗೆ ಅನಿಸಿದಂತೆ ಕಾಣಲಿಲ್ಲ. ಚಾ ಇಟ್ಟು ಒಳಗೆ ಹೋಗುವಾಗ ಒಮ್ಮೆ ನನ್ನ ಮುಖ ನೋಡಿ ನಿಟ್ಟುಸಿರು ಬಿಟ್ಟಳು.

“ಹುಡ್ಗ ಉಪ್ಪುಂದದವ. ಬೊಂಬಾಯಂಗೆ ಕ್ಯಾಂಟೀನ್ ಇತ್ತಂಬ್ರ್,” ಎಂದಳು ಅಕ್ಕ. “ಆಸಾಡಿಗ್ ಮುಂಚೆ ಊರಿಗ್ ಬತ್ತ. ಫೋಟೊ ಇಮೇಲ್ ಮಾಡುಕ್ ಹೇಳಿರ್. ಒಪ್ಗಿ ಆರೆ ಹೆಣ್ಣ್ ಕಾಂಬುಕ್ ಬತ್ರಂಬ್ರ್. ಆದ್ರೆ ತಮ್ಮ, ವಿಷ್ಯ ಹೊರಗ್ ಹೋಪುಕಾಗ. ಎರಡ್ ಸಲ ಕಲ್ಲ್ ಬಿದ್ದದ್ದ್ ಸಾಕ್.”

ಸಂಬಂಧ ಇನ್ನೇನು ಕೂಡಿಬಂತು ಎನ್ನುವಾಗ ಯಾರೋ ಹೋಗಿ ಇಲ್ಲಸಲ್ಲದ್ದು ಊದಿ ತಪ್ಪಿಸುವುದಕ್ಕೆ ನಮ್ಮಲ್ಲಿ ಕಲ್ಲು ಹಾಕುವುದು ಎನ್ನುತ್ತಾರೆ. ಮಮತಾಳಿಗೆ ಹೀಗೆ ಎರಡು ಸಲ ಆಗಿತ್ತು. ಎರಡನೆಯದು ಸಾಸ್ತಾನದ ಕಡೆಯ ಸಂಬಂಧ. ಅವರು ತಿಂಗಳುಗಟ್ಟಲೆ ಸುಮ್ಮನಿದ್ದು ಫೋಟೊ ವಾಪಸು ಕಳಿಸಿದರು. ಅದರ ಹಿಂದೆ ಶಾಮಿಯಾನದವನ ಫೋನ್ ನಂಬರು ಗೀಚಿತ್ತು. ಹುಡುಗನಿಗೆ ಬೇರೆ ಕಡೆ ಮದುವೆ ನಿಶ್ಚಯವಾಗಿ, ಆ ಮದುವೆಯ ಚಪ್ಪರಕ್ಕೆ ಇವಳ ಫೋಟೊ ಚೀಟಿಯಾಗಿತ್ತು! ಮಮತ ಅಳಲಿಲ್ಲ. ಐಸ್ ಪ್ಲಾಂಟಿನ ಆಫೀಸಿಗೆ ಎಂದಿನಂತೆ ಕೆಲಸಕ್ಕೆ ಹೋದಳು. ಆದರೆ ಇನ್ನು ಮುಂದೆ ಫೋಟೊಗೆ ನಿಲ್ಲುವುದಿಲ್ಲ ಎಂದುಬಿಟ್ಟಳು. ಅವಳು ಹೇಳಿದ ಮೇಲೆ ಮುಗಿಯಿತು, ಅವಳಪ್ಪನ ಬೋಟನ್ನಾದರೂ ತಿರುಗಿಸಬಹುದು, ಅವಳನ್ನು ತಿರುಗಿಸಲು ಆಗುವುದಿಲ್ಲ.

ನಾನು ತಿರುಗಿಸಿದೆ. ಹೊಸದಾಗಿ ಕೊಂಡ ಡಿಜಿಟಲ್ ಕ್ಯಾಮೆರಾ ತೋರಿಸಿ, ಪುಸಲಾಯಿಸಿ, ತ್ರಾಸಿ ಬೀಚಿಗೆ ಕರೆದುಕೊಂಡು ಹೋದೆ. ಅವಳು ಸೀರೆ ಉಟ್ಟು, ಕೋರ್ಟಿನಲ್ಲಿ ಸಾಕ್ಷಿ ಹೇಳಲು ನಿಂತವರ ಹಾಗೆ ನಿಂತಳು. ಇನ್ನೊಂದು ಚೂರು ಹಿಂದೆ ಹೋದರೆ ಚೆನ್ನಾಗಿ ಬರುತ್ತದೆ ಎಂದು ನಾನು ಹಿಂದಕ್ಕೆ ಹೆಜ್ಜೆಯಿಟ್ಟು ತೆರೆಯೊಳಗೆ ಕೂತುಬಿಟ್ಟೆ. ಕೂರುವಾಗ ಬೆರಳು ಗುಂಡಿಯ ಮೇಲಿತ್ತು. ಮಮತ ಹೊಟ್ಟೆ ಹಿಡಿದು ನಗುತ್ತಿರುವ ಆ ಫೋಟೊ ನಾನು ಜೀವಮಾನದಲ್ಲಿ ತೆಗೆದ ಏಕೈಕ ಒಳ್ಳೆಯ ಫೋಟೊ.

“ಮಾವ, ಇದೇ ಕಡೆ ಫೋಟೊ,” ಎಂದಳು ಅವಳು, ನಗು ನಿಂತ ಮೇಲೆ. “ಇದ್ ಆಯ್ಲಿಲ್ಲಂದ್ರೆ ನಂಗ್ ಮದಿ ಮಾತ್ ಬೇಡ.”

ಈ ಫೋಟೊವನ್ನು ಪ್ರಾಣ ಕೊಟ್ಟಾದರೂ ಕಾಪಾಡುವುದು ಎಂದು ನಿರ್ಧರಿಸಿದೆ.

ನಮ್ಮ ಓಣಿಗೆಲ್ಲ ಆಗ ಒಂದೇ ಕಂಪ್ಯೂಟರು, ಅದು ನಮ್ಮ ಮನೆಯದು. ಎಸ್ಸೆಸ್ಸೆಲ್ಸಿ ಫಲಿತಾಂಶ ನೋಡುವವರು, ದುಬಾಯಿಯ ಅಳಿಯನಿಗೆ ಪತ್ರ ಕಳಿಸುವವರು, ಸುಮ್ಮನೆ ಇಸ್ಪೀಟು ಆಡುವವರು, ಎಲ್ಲರೂ ಅದರ ಮುಂದೆ ಕೂರುವವರೇ. ಹುಡುಗನ ಇಮೇಲ್ ವಿಳಾಸ ಬರಲು ಇನ್ನೂ ವಾರವಿತ್ತು. ಅಲ್ಲಿಯವರೆಗೆ ಈ ಸಂತೆಯಲ್ಲಿ ಫೋಟೊ ಇಡುವುದು ಹೇಗೆ? ನಾನು ಸೂಕ್ತ ಭದ್ರತಾ ಕ್ರಮಗಳನ್ನು ಕೈಗೊಂಡೆ. ಫೋಟೊದ ಹೆಸರು ಬದಲಿಸಿ, ಯಾರಿಗೂ ತೆರೆಯಲು ಆಸೆಯಾಗದ ಒಂದು ಹೆಸರಿಟ್ಟೆ. ಡಿ ಡ್ರೈವಿನಲ್ಲಿ ವಿಮೆ ಕಾಗದಗಳಿದ್ದವು. ಅವುಗಳ ನಡುವೆ ಫೋಲ್ಡರಿನೊಳಗೆ ಫೋಲ್ಡರು ಮಾಡಿ ತಳದಲ್ಲಿ ಹೂತೆ. ಅಷ್ಟು ಸಾಲದೆಂದು ಮೌಸಿನ ಬಲಗಡೆ ಒತ್ತಿ ನೋಡುವಾಗ ಫೈಲಿಗೆ ಬೀಗ ಹಾಕುವ ಸೌಕರ್ಯವೊಂದು ಕಾಣಿಸಿತು. ಒತ್ತಿದೆ. ಫೋಟೊದ ಹೆಸರು ಹಸಿರು ಬಣ್ಣಕ್ಕೆ ತಿರುಗಿತು. ಶುಭಸೂಚನೆ ಎಂದುಕೊಂಡೆ. ಕೀ ಎಲ್ಲಿದೆಯೆಂದು ಕಂಪ್ಯೂಟರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕ್ಯಾಮೆರಾದಲ್ಲಿದ್ದ ಮೂಲವನ್ನು, ಸಾಕ್ಷ್ಯ ಉಳಿಯಬಾರದೆಂದು, ಅಳಿಸಿ ಹಾಕಿದೆ. ಅರ್ಧ ತಾಲೂಕಿಗೆ ವಿಮೆ ಮಾಡಿಸಿದ ಮನುಷ್ಯ ಒಂದು ಫೋಟೊಗೆ ಇನ್ನೊಂದು ಪ್ರತಿ ಇಡಲಿಲ್ಲ.

ವಾರ ಕಳೆದು ಅಕ್ಕ ಫೋನಿನಲ್ಲಿ ಇಮೇಲ್ ವಿಳಾಸ ಬರೆಸಿ, “ಇವತ್ತೇ ಕಳ್ಸ್” ಎಂದಳು. ಕಂಪ್ಯೂಟರಿನ ಮುಂದೆ ಕೂತೆ. ಆಗ ಒಂದು ಸಣ್ಣ ಅಡಚಣೆ ಎದುರಾಯಿತು. ಆ ಫೋಟೊಗೆ ನಾನು ಏನು ಹೆಸರಿಟ್ಟಿದ್ದೆ?

ಆ ಕಾಲದ ಕಂಪ್ಯೂಟರಿನಲ್ಲಿ ಏನಾದರೂ ಹುಡುಕಲು ಹೇಳಿದರೆ ಮೂಲೆಯಲ್ಲಿ ಒಂದು ಹಳದಿ ನಾಯಿ ಬಂದು ಕೂರುತ್ತಿತ್ತು. ಕರೆಂಟ್ ಬಿಲ್ ಎಂದು ಕೊಟ್ಟೆ. ನಾಯಿ ಬಾಲ ಆಡಿಸಿತು, ಇಲ್ಲ ಎಂದಿತು. ಜಾತ್ರೆ ರಶೀದಿ ಎಂದೆ, ಇಲ್ಲ. ಕೊನೆಗೆ ಪರೀಕ್ಷಿಸಲೆಂದು ನನ್ನ ಕಣ್ಣೆದುರೇ ಇದ್ದ ಒಂದು ಪಾಲಿಸಿಯ ಹೆಸರು ಕೊಟ್ಟೆ. ಅದೂ ಇಲ್ಲವಂತೆ. ತಪ್ಪು ನನ್ನದಲ್ಲ, ನಾಯಿಯದ್ದು ಎಂದು ಸಾಬೀತಾದ ಮೇಲೆ ನನಗೆ ಹೊಸ ಹುರುಪು ಬಂತು. ನಾಯಿಯನ್ನು ತೆಗೆದು ಬೇರೊಂದು ಬೊಂಬೆ ತಂದೆ. ಅದಕ್ಕೆ ಬಾಲವೂ ಇರಲಿಲ್ಲ, ಬುದ್ಧಿಯೂ ಇರಲಿಲ್ಲ.

“ಒಂದೊಂದೇ ಫೋಲ್ಡರ್ ತೆಗ್ದ್ ಕಾಣಿ ಅಲ್ದಾ?” ಎಂದಳು ಸುಮಿತ್ರ, ಬೂತಾಯಿ ಮೀನು ಹೆಚ್ಚುತ್ತಾ ಅಡುಗೆಮನೆಯಿಂದಲೇ.

“ಹುಡ್ಕುದೇ ಹಾಳಾಯಿತ್ತ್. ಬುಡದಿಂದ್ಲೇ ಸರಿ ಮಾಡ್ಕ್. ಫಾರ್ಮ್ಯಾಟ್ ಮಾಡ್ತೆ,” ಎಂದೆ.

“ಹ್ವಾಯ್, ಬಾಗ್ಲ್ ತೆಗಿತಿಲ್ಲಂದೇಳಿ ಮನಿ ಕೆಡುಗ್ತ್ರಾ?”

ಹೆಂಗಸರಿಗೆ ತಾಂತ್ರಿಕ ವಿಷಯ ಬಿಡಿಸಿ ಹೇಳುವ ತಾಳ್ಮೆ ಆ ಮಧ್ಯಾಹ್ನ ನನಗಿರಲಿಲ್ಲ. ಸಿ ಡ್ರೈವ್ ಫಾರ್ಮ್ಯಾಟ್ ಮಾಡಿ, ಸಿಡಿ ಹಾಕಿ, ಎಲ್ಲವನ್ನೂ ಹೊಸದಾಗಿ ಕೂರಿಸಿದೆ. ಡಿ ಡ್ರೈವನ್ನು ಮುಟ್ಟಲಿಲ್ಲ, ಅಷ್ಟು ಜಾಣ ನಾನು. ಹೊಸ ನಾಯಿ ಬಂತು. ಅದಕ್ಕೂ ಫೋಟೊ ಸಿಗಲಿಲ್ಲ, ಹೆಸರು ಗೊತ್ತಿದ್ದರೆ ತಾನೇ! ಕೊನೆಗೆ ಸುಮಿತ್ರಳಿಗೆ ಕಾಣದಂತೆ ಒಂದೊಂದೇ ಫೋಲ್ಡರು ತೆರೆದು ನೋಡಿದೆ. ಬೂತಾಯಿ ಬೇಯುವಷ್ಟರಲ್ಲಿ ಸಿಕ್ಕಿತು. ‘ಹಳೇ ಸುತ್ತೋಲೆ’ ಎಂದು ಹೆಸರಿಟ್ಟಿದ್ದೆ. ಹಸಿರು ಅಕ್ಷರ ಹಾಗೇ ಇತ್ತು. ಸಂತೋಷದಿಂದ ಒತ್ತಿದೆ. ನಿಮಗೆ ಇದನ್ನು ತೆರೆಯುವ ಅಧಿಕಾರ ಇಲ್ಲ ಎಂಬ ಅರ್ಥದ ಇಂಗ್ಲಿಷ್ ಸಾಲು ಬಂತು.

ನನ್ನ ಮನೆ, ನನ್ನ ಕಂಪ್ಯೂಟರು, ನನ್ನ ಅಕ್ಕನ ಮಗಳು, ನನಗೇ ಅಧಿಕಾರ ಇಲ್ಲ!

ಕುಂದಾಪುರದಲ್ಲಿ ರಿಪೇರಿ ಅಂಗಡಿಗಳಿದ್ದವು. ಆದರೆ ಅಲ್ಲಿ ಎಲ್ಲರೂ ನನ್ನ ಗಿರಾಕಿಗಳು, ಫೋಟೊ ತೆರೆದರೆ ಗುಟ್ಟೂ ತೆರೆದಂತೆ. ಆದ್ದರಿಂದ ಕಂಪ್ಯೂಟರಿನ ಡಬ್ಬವನ್ನು ಬೆಡ್‌ಶೀಟಿನಲ್ಲಿ ಸುತ್ತಿ ಬ್ರಹ್ಮಾವರಕ್ಕೆ ಒಯ್ದೆ. ಅಂಗಡಿಯವನು ನನ್ನ ಕತೆ ಕೇಳಿ ತಲೆ ಕೆರೆದುಕೊಂಡ.

“ಬೀಗದ ಕೀ ಸಿ ಡ್ರೈವಂಗೆ ಇದ್ದಿತ್ತ್. ಅದನ್ ನೀವೇ ಒರ್ಸಿ ತೆಗ್ದ್ರಿ.”

“ಬೀಗ ಹಾಕಿದವ ನಾನೇ ಅಲ್ದಾ? ಅದೇ ಹೆಸ್ರ್, ಅದೇ ಪಾಸ್‌ವರ್ಡ್.”

“ಫಾರ್ಮ್ಯಾಟ್ ಮಾಡಿದ್ ಮೇಲೆ ಕಂಪ್ಯೂಟರಿಗ್ ನೀವ್ ಬೇರೆ ಜನ,” ಎಂದ ಅವನು. ಬೈಂದೂರಿನಲ್ಲಿ ಕಳೆದುಹೋದ ಫೈಲು ತೆಗೆದುಕೊಡುವವನೊಬ್ಬ ಇದ್ದಾನೆ, ಒಮ್ಮೆ ನೋಡಿ ಎಂದೂ ಹೇಳಿದ.

ಮರುದಿನ ಬೈಂದೂರು ಬಸ್ಸು ಹತ್ತಿದೆ. ಡಬ್ಬ ತೊಡೆಯ ಮೇಲೆ. ಪಕ್ಕದಲ್ಲಿ ಮಾರ್ಕೆಟ್ ಮುಗಿಸಿ ಖಾಲಿ ಮೀನಿನ ಬುಟ್ಟಿಯೊಂದಿಗೆ ಕೂತಿದ್ದ ವಯಸ್ಸಾದ ಹೆಂಗಸು. ಹೊಳೆಯ ಸೇತುವೆ ದಾಟಿದ್ದೇ ನನ್ನ ಕಡೆ ತಿರುಗಿದರು.

“ಹ್ವಾಯ್, ತೊಡಿ ಮೇಲೆ ಎಂತ ಅದ್?”

“ಕಂಪ್ಯೂಟರ್.”

“ಹಾಳಾಯ್ತಾ? ನಿಮ್ಗ್ ಊರ್ ಎಲ್ಲಾಯ್ತ್? ಯಾರ್ ಮನಿ?”

ನಮ್ಮ ಕಡೆ ಬಸ್ಸಿನಲ್ಲಿ ಯಾರ ಮನೆ ಎಂದು ಕೇಳಿದರೆ ಹೇಳಲೇಬೇಕು, ಹೇಳದಿದ್ದರೆ ಏನೋ ಮಾಡಿ ಓಡಿಹೋಗುತ್ತಿರುವವನು ಎಂದರ್ಥ. ಹೇಳಿದೆ. ಬಸ್ಸು ಹೆಮ್ಮಾಡಿ ತಲುಪುವಾಗ ನನ್ನ ತಂದೆಯ ಹೆಸರು ಹೊರಬಂತು. ಮುಳ್ಳಿಕಟ್ಟೆ ತಲುಪುವಾಗ, ಅಕ್ಕನನ್ನು ಕೋಡಿಗೆ ಕೊಟ್ಟದ್ದು ಹೊರಬಂತು. “ಅವ್ರಿಗೊಂದ್ ಮಗಳಿತ್ತಲ್ದಾ?” ಎಂದು ಅವರು ಮೆಲ್ಲಗೆ ಕೇಳಿದ್ದಷ್ಟೇ. ತ್ರಾಸಿ ಬರುವ ಹೊತ್ತಿಗೆ ನಾನು ಸಮುದ್ರ ತೋರಿಸಿ, ಅಲ್ಲೇ ಕೂತದ್ದು, ಅಲ್ಲೇ ಫೋಟೊ ತೆಗೆದದ್ದು, ಬೀಗ, ನಾಯಿ, ಫಾರ್ಮ್ಯಾಟು ಎಲ್ಲವನ್ನೂ ಹೇಳಿ ಮುಗಿಸಿದ್ದೆ. ಮರವಂತೆಯಲ್ಲಿ ಎರಡು ಸಂಬಂಧ ತಪ್ಪಿದ್ದೂ ಬಂತು, ಶಾಮಿಯಾನದ ನಂಬರೂ ಬಂತು. ಅದನ್ನು ಹೇಳುವಾಗ ನನಗೆ ನಿಜಕ್ಕೂ ಕಣ್ಣು ಒದ್ದೆಯಾಯಿತು. ಆ ಮಗುವಿಗೆ ಹೋಗಿ ಏನು ಹೇಳಲಿ, ನಿನ್ನ ಕಡೆಯ ಫೋಟೊವನ್ನೂ ನಾನೇ ಹಾಳು ಮಾಡಿದೆ ಅನ್ನಲೇ?

ಆದರೆ ಒಂದು ಮಾತು. ಹುಡುಗನ ಮನೆ ಯಾವುದೆಂದು ನಾನು ಕಡೆಯವರೆಗೂ ಬಾಯಿ ಬಿಡಲಿಲ್ಲ. ಉಪ್ಪುಂದದ ಕಡೆ, ಬೊಂಬಾಯಿಯಲ್ಲಿ ಕ್ಯಾಂಟೀನು, ಅಷ್ಟೇ. ಅವರೂ ಮತ್ತೆ ಕೇಳಲಿಲ್ಲ. ಎಲೆಯಡಿಕೆ ಜಗಿಯುತ್ತಾ ಕಿಟಕಿಯ ಹೊರಗೆ ನೋಡುತ್ತಾ ಕೂತರು. ಉಪ್ಪುಂದದಲ್ಲಿ ಬುಟ್ಟಿ ಎತ್ತಿಕೊಂಡು ಇಳಿಯುವಾಗ, “ಎಲ್ಲ ಸರಿ ಆತ್ತ್ ಬಿಡ್ ಮಗಾ,” ಎಂದರು. ಮುಖ್ಯವಾದದ್ದನ್ನು ಹೇಗೆ ಮುಚ್ಚಿಟ್ಟೆ ನೋಡು ಎಂದು ನನಗೆ ಒಳಗೊಳಗೇ ಹೆಮ್ಮೆಯಾಯಿತು.

ಬೈಂದೂರಿನವನು ಡಬ್ಬ ಬಿಚ್ಚಿ ನೋಡಿ, ಕಳೆದುಹೋದ ಫೈಲನ್ನಾದರೆ ತೆಗೆಯಬಹುದು, ಇದು ಕಳೆದುಹೋಗಿಲ್ಲ, ಇಲ್ಲೇ ಇದೆ, ಬರುವುದಿಲ್ಲ ಅಷ್ಟೇ ಎಂದ. ಹೊಸ ಕಂಪ್ಯೂಟರು ಕೊಳ್ಳುವ ಆಲೋಚನೆ ಇದೆಯೇ ಎಂದೂ ವಿಚಾರಿಸಿದ. ನಾನು ಡಬ್ಬ ಸುತ್ತಿಕೊಂಡು ಮನೆಗೆ ಬಂದೆ. ಊಟ ಸೇರಲಿಲ್ಲ.

“ಬೆಳಿಗ್ಗೆ ಕೋಡಿಗ್ ಹೋಗಿ ಇದ್ದದ್ ಇದ್ದಾಂಗೆ ಹೇಳುವ,” ಎಂದಳು ಸುಮಿತ್ರ. “ನಾನೂ ಬತ್ತೆ.” ಅವಳು ಬೈದಿದ್ದರೆ ಸಮಾಧಾನವಾಗುತ್ತಿತ್ತು.

ಬೆಳಿಗ್ಗೆ ಅಕ್ಕನ ಅಂಗಳಕ್ಕೆ ಕಾಲಿಟ್ಟಾಗ ಮೆಟ್ಟಿಲ ಬಳಿ ಗುರುತಿಲ್ಲದ ಚಪ್ಪಲಿಗಳು. ಜಗುಲಿಯಲ್ಲಿ ಬಸ್ಸಿನ ಆ ಹೆಂಗಸು ಕಾಲು ಚಾಚಿ ಕೂತಿದ್ದರು. ಪಕ್ಕದಲ್ಲಿ ಇಸ್ತ್ರಿ ಅಂಗಿಯ ಒಬ್ಬ ಯುವಕ.

“ಬಾ ಮಗಾ. ಡಬ್ಬಿ ತರ್ಲಿಲ್ಯಾ?” ಎಂದರು ಅವರು.

ಅವರು ಹುಡುಗ ಸತೀಶನ ದೊಡ್ಡಮ್ಮ, ಅವನನ್ನು ಸಾಕಿ ಬೆಳೆಸಿದವರು. ಅಕ್ಕ ನನ್ನನ್ನು ನೋಡಿದ ನೋಟದಲ್ಲಿ ನನ್ನ ಎಲ್ಲ ಪಾಲಿಸಿಗಳೂ ರದ್ದಾದವು. ಎರಡು ಸಂಬಂಧ ತಪ್ಪಿದ ಕತೆಯನ್ನು, ಊರಿಗೆ ತಿಳಿಯದಂತೆ ಮುಚ್ಚಿಟ್ಟದ್ದನ್ನು, ಗಂಡಿನ ಮನೆಯವರ ಕಿವಿಗೇ ಟಿಕೆಟ್ ತೆಗೆದುಕೊಂಡು ಹೋಗಿ ಹಾಕಿ ಬಂದಿದ್ದೆ! ಕಲ್ಲು ಹಾಕುವವರನ್ನು ಹೊರಗೆ ಹುಡುಕುವ ಅಗತ್ಯವೇ ಇರಲಿಲ್ಲ.

“ಹುಡ್ಗ ಮೊನ್ನೆ ಬಂದಿಳ್ದ. ಫೋಟೊ ಕಾಯ್ತ್ ಕೂಕಂಡ್ರೆ ಆಸಾಡಿ ಬತ್ತ್,” ಎಂದರು ದೊಡ್ಡಮ್ಮ ಅಕ್ಕನ ಕಡೆ ತಿರುಗಿ. “ಫೋಟೊದಂಗೆ ಎಲ್ಲ ಹೆಣ್ಮಕ್ಳೂ ಚೆಂದವೇ. ಮನಿಯವ್ರ್ ಎಂತ ಮುಚ್ಚಿಡ್ತ್ರ್ ಅಂಬುದೇ ನಂಗ್ ಹೆದ್ರಿಕೆ. ನಿಮ್ಮನಿಯಂಗೆ ಈ ನಿಮ್ ತಮ್ಮ ಇಪ್ಪುತನ್ಕ ಮುಚ್ಚಿಡುಕ್ ಎಂತದೂ ಇಲ್ಲ. ಹಾಂಗಾಯಿ ಕರ್ಕಂಡೇ ಬಂದೆ.”

ಅಷ್ಟರಲ್ಲಿ ಮಮತ ಕೆಲಸಕ್ಕೆ ಹೊರಟ ಚೂಡಿದಾರದಲ್ಲೇ, ಕೈಯಲ್ಲಿ ಊಟದ ಡಬ್ಬಿ ಹಿಡಿದು ಹೊರಗೆ ಬಂದಳು. ಸೀರೆ ಉಡಲು ಯಾರೂ ಅವಳಿಗೆ ಸಮಯ ಕೊಟ್ಟಿರಲಿಲ್ಲ. ನಾನು ತಲೆ ತಗ್ಗಿಸಿ, “ಮಗಾ, ನಿನ್ ಫೋಟೊ...” ಎಂದೆ.

“ಗೊತ್ತಾಯ್ತ್ ಮಾವ. ಬಸ್ಸಂಗೆ ಮರ್ಕಿದ್ರಂಬ್ರಲೆ?” ಎಂದು ಅವಳು ನನ್ನ ಅಳು ನೆನೆದು ತಡೆಯಲಾರದೆ ನಕ್ಕಳು, ತ್ರಾಸಿಯಲ್ಲಿ ನಕ್ಕಂತೆಯೇ. ಸತೀಶ ಅವಳನ್ನು ನೋಡುತ್ತಿದ್ದ, ಅವನಿಗೂ ನಗು ಬಂತು. ಅದನ್ನು ಕಂಡ ಮೇಲೆ ನನ್ನ ಎದೆಯ ಮೇಲಿನ ಭಾರ ಇಳಿಯಿತು. ಎಷ್ಟು ಹಗುರಾಯಿತೆಂದರೆ, ಅಕ್ಕ ಕೊಟ್ಟ ನೀರುದೋಸೆಯನ್ನು ಲೆಕ್ಕವಿಲ್ಲದೆ ತಿಂದು, ನಡುವೆ ದೊಡ್ಡಮ್ಮನಿಗೆ ಒಂದು ಪಾಲಿಸಿಯ ವಿಷಯವನ್ನೂ ತೆಗೆದೆ. ಸುಮಿತ್ರ ಮೇಜಿನಡಿಯಲ್ಲಿ ನನ್ನ ಕಾಲು ತುಳಿದಳು.

ಆಸಾಡಿ ಕಳೆದು ಮದುವೆಯಾಯಿತು. ಹಟ್ಟಿಯಂಗಡಿ ಗಣಪತಿಗೆ ಅಕ್ಕ ಹೇಳಿಕೊಂಡಿದ್ದ ಹರಕೆಯೂ ಸಂದಿತು. ಆ ಫೈಲು ನನ್ನ ಕಂಪ್ಯೂಟರಿನಲ್ಲಿ ಬಹಳ ಕಾಲ ಹಸಿರಾಗಿಯೇ ಇತ್ತು. ಯಾರೂ ಅದನ್ನು ಕೇಳಲಿಲ್ಲ.

ಮುಂದಿನ ವರ್ಷ ಒಂದು ದಿನ ಅಕ್ಕ ಮುಖ ಅರಳಿಸಿಕೊಂಡು ಬಂದಳು. ನನ್ನನ್ನು ಕಂಡಿದ್ದೇ ಬಾಯಿಗೆ ಬಂದ ಮಾತು ನುಂಗಿ, ಸುಮಿತ್ರಳನ್ನು ಬಾವಿಕಟ್ಟೆಗೆ ಕರೆದುಕೊಂಡು ಹೋದಳು. ಇಬ್ಬರೂ ಬಹಳ ಹೊತ್ತು ಪಿಸುಗುಟ್ಟಿದರು. ಏನು ವಿಷಯ ಎಂದು ಕೇಳಿದರೆ, “ಎಂತ ಇಲ್ಲ, ಉಪ್ಪಿನ್ಕಾಯ್ ವಿಷ್ಯ,” ಎಂದಳು ಸುಮಿತ್ರ. ನಾನು ನಂಬಿದೆ.

ಕೆಲವು ದಿನ ಕಳೆದು ಬೈಂದೂರಿಗೆ ಹೋಗುವಾಗ ಕಂಡಕ್ಟರು ಟಿಕೆಟು ಹರಿಯುತ್ತಾ ಕೇಳಿದ: “ಹ್ವಾಯ್, ನೀವ್ ಅಜ್ಜ ಆಪುದಂಬ್ರಲೆ? ನಿಮ್ಮಕ್ಕನ್ ಮಗ್ಳ್ ಬಸ್ರಿಯಂಬ್ರ್. ನಿಮ್ಗ್ ಗೊತ್ತಿಲ್ಯಾ?”

ಇಡೀ ಬಸ್ಸು ನನ್ನ ಕಡೆ ತಿರುಗಿತು.

“ಗೊತ್ತಿಲ್ದೆ ಎಂತ ಮಾರಾಯ,” ಎಂದೆ ನಾನು. “ಹೊರಗ್ ಹೇಳುಕಾಗ ಅಂದೇಳಿ ಸುಮ್ನಿದ್ದದ್ದ್.”