ಫ್ರಿಜ್ಜಿನಲ್ಲಿ ಉಳಿದ ಪಾಲು

ಶಾಲೆಯಲ್ಲಿ ಯಾವ ಪಾಠ ಮಾಡುತ್ತೇನೋ, ಮನೆಯಲ್ಲಿ ಅದೇ ವಿಷಯಕ್ಕೆ ಸಿಕ್ಕಿಬೀಳುವುದು ನನಗೆ ರೂಢಿಯಾಗಿದೆ. ಯಜಮಾನರು ಹೋದ ಮೇಲೂ ಕೈ ಇಬ್ಬರಿಗೇ ಅಕ್ಕಿ ಅಳೆಯುತ್ತದೆ. ಉಳಿದದ್ದನ್ನು ಚೆಲ್ಲಲು ಮನಸ್ಸು ಬಾರದೆ ಫ್ರಿಜ್ಜಿಗೆ ತುಂಬುತ್ತೇನೆ. ಇದು ಯಾರಿಗೂ ಗೊತ್ತಾಗಬಾರದು ಎಂಬುದೊಂದೇ ನನ್ನ ಆಸೆಯಾಗಿತ್ತು.

೧. ಮಾದರಿ

ಆರನೇ ತರಗತಿಗೆ ಆಹಾರ ಕೆಡುವ ಪಾಠ. “ಅನ್ನವನ್ನು ಆರಿದ ಕೂಡಲೇ ಮುಚ್ಚಿ ಫ್ರಿಜ್ಜಿನಲ್ಲಿಡಿ, ಮಾರನೇ ದಿನ ಮುಗಿಸಿ” ಎಂದು ಗಂಟಲು ಹರಿಯುವಂತೆ ಹೇಳಿ ಬಂದೆ. ಸ್ಟಾಫ್ ರೂಮಿನಲ್ಲಿ ನನ್ನ ಡಬ್ಬಿ ತೆರೆದರೆ ಚಿತ್ರಾನ್ನದ ಮೇಲೆ ಹಸಿರು ಬೂಷ್ಟು.

ಪಕ್ಕದಲ್ಲಿದ್ದ ಗಣಿತದ ಮೇಷ್ಟ್ರು ಇಣುಕಿದರು. “ಪಾಠಕ್ಕೆ ಮಾದರಿ ತಂದಿದ್ದೀರಾ ಮಿಸ್?”

“ಹೌದು” ಎಂದುಬಿಟ್ಟೆ.

ನನ್ನ ಶ್ರದ್ಧೆಯನ್ನು ಮೆಚ್ಚಿ, ಅವರೇ ಅದನ್ನು ಜೋಪಾನವಾಗಿ ಲ್ಯಾಬಿನಲ್ಲಿಟ್ಟು ಬಂದರು. ನಾನು ಬನ್ನು ತಿಂದೆ.

೨. ಕೆಟ್ಟಿರುವ ಫ್ರಿಜ್

ಜೀವನ್ ಬಿಮಾ ನಗರದ ನಮ್ಮ ಕೆಳಮನೆಯ ಆಂಟಿ ಹುಟ್ಟಿ ಬೆಳೆದದ್ದು ಶಿವಾಜಿನಗರದಲ್ಲಿ. ಒಂದು ಭಾನುವಾರ ಹಾಲು, ದೋಸೆ ಹಿಟ್ಟು ಹಿಡಿದು ಮೇಲೆ ಬಂದರು.

“ಅರೆ ಟೀಚರಮ್ಮ, ನಮ್ ಫ್ರಿಜ್ ಕೆಟ್ಟೋಯ್ತು. ಇವತ್ತೊಂದಿನ ಇಟ್ಕೊಳ್ಳಿ.”

ಅವರೆದುರು ಫ್ರಿಜ್ಜಿನ ಬಾಗಿಲು ತೆಗೆಯುವುದು ಹೇಗೆ? “ನಮ್ಮದೂ ಕೆಟ್ಟಿದೆ ಆಂಟಿ” ಎಂದೆ.

ಬೆನ್ನ ಹಿಂದೆ ಫ್ರಿಜ್ ಗುರ್ ಎಂದು ಶುರುವಾಯಿತು.

ಆಂಟಿ ಕಿವಿಗೊಟ್ಟು ಕೇಳಿದರು. “ಕೆಟ್ಟಿರೋದು ಚೆನ್ನಾಗೇ ಓಡ್ತಿದೆಯಲ್ಲ! ಹೀಗೆ ಕೆಡಿಸೋದು ನಮಗೂ ಹೇಳ್ಕೊಡಿ.”

೩. ಪಾಲು

ಹೇಳುತ್ತಲೇ ಆಂಟಿ ಫ್ರಿಜ್ಜಿನ ಬಾಗಿಲು ತೆಗೆದರು. ಮೊದಲು ಒಂದು ಡಬ್ಬಿ ಉರುಳಿತು, ಆಮೇಲೆ ಉಳಿದವೂ. ಅನ್ನ, ಸಾರು, ಪಲ್ಯ, ಮತ್ತೆ ಅನ್ನ. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ.

ಆಂಟಿ ನೆಲದಲ್ಲಿ ಕೂತು ಒಂದೊಂದನ್ನೇ ಮೂಸಿದರು. ಆಮೇಲೆ ಮೆಲ್ಲಗೆ ಕೇಳಿದರು, “ಇದೆಲ್ಲ ನಿಮ್ಮ ಯಜಮಾನ್ರ ಪಾಲಾ?”

ತಲೆಯಾಡಿಸಿದೆ.

ಇಬ್ಬರೂ ಸೇರಿ ಎಲ್ಲ ಡಬ್ಬಿಗಳನ್ನೂ ಕಸದ ಬುಟ್ಟಿಗೆ ಖಾಲಿ ಮಾಡಿದೆವು. ಹೋಗುವಾಗ ಅವರು, “ನಾಳೆಯಿಂದ ಅವರ ಪಾಲು ಬಿಸಿ ಇದ್ದಾಗಲೇ ಕೆಳಗೆ ತನ್ನಿ. ನಾನು ತಿಂತೀನಿ” ಎಂದರು.

ಮಾರನೇ ದಿನ ತಂಬಿಗೆಯಲ್ಲಿ ತಿಳಿಸಾರು ಒಯ್ದೆ. ಒಂದು ಗುಟುಕು ಕುಡಿದು ಆಂಟಿ ನನ್ನನ್ನೇ ನೋಡಿದರು.

“ಉಪ್ಪೇ ಇಲ್ವಲ್ಲ ಟೀಚರಮ್ಮ!”

“ಅವರಿಗೆ ಬಿಪಿ ಇತ್ತು” ಎಂದೆ, ಕಣ್ಣು ತುಂಬಿ ಬಂತು.

ಆಂಟಿ ನನ್ನ ಕೈ ಹಿಡಿದುಕೊಂಡರು. “ಪಾಪ, ಒಳ್ಳೆಯವರು. ಆದ್ರೆ ಈಗ ತಿನ್ನೋಳು ನಾನಲ್ವೇನ್ರೀ? ಉಪ್ಪು ಹಾಕ್ರೀ!”